ಧ್ವನಿಯಿಂದ ಬೀಜಗಣಿತ: ಕಂಪ್ಯೂಟರಿನ ತಂಬೂರಿಯಲ್ಲಿ ಚರಾಕ್ಷರ ಮತ್ತು ಪ್ಯಾರಾಮೀಟರ್

(ಸಂಘದ ವಾರ್ಷಿಕ ಸಭೆಯಲ್ಲಿ ಸಿರಿಗೇರಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಸಂಘದವರು ನನಗೆ ಕೊಟ್ಟ ವಿಷಯ "ಕಂಪ್ಯೂಟರ್ ಮತ್ತು ನಮ್ಮ ಮಕ್ಕಳು". ಅದು ಅರ್ಧ ಗಂಟೆಯಲ್ಲಿ ಮುಗಿಯುವ ವಿಷಯವಲ್ಲ. ಆದ್ದರಿಂದ ಅದರೊಳಗಿನ ಒಂದು ಚಿಕ್ಕ ತುಂಡನ್ನು ಮಾತ್ರ ಎತ್ತಿಕೊಂಡಿದ್ದೇನೆ. ಕಂಪ್ಯೂಟರಿನಿಂದ ಧ್ವನಿ ಹುಟ್ಟಿಸುವ ಭಾಷೆಗಳಿವೆ. ಅವುಗಳಲ್ಲಿ ಚರಾಕ್ಷರ ಎಂದರೇನು, ಪ್ಯಾರಾಮೀಟರ್ ಎಂದರೇನು ಎಂಬುದೇ ಆ ತುಂಡು. ಉರ್ದು, ಕನ್ನಡ ಕಲಿಸುವವರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ನಮ್ಮ ಮಕ್ಕಳು ಗಣಿತದಲ್ಲಿ ಎಡವುವ ಮೊದಲ ಕಲ್ಲು ಗಣಿತದ್ದಲ್ಲ, ಭಾಷೆಯದು. ಅದಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ಆರನೇ ತರಗತಿಯವರೆಗೆ ಲೆಕ್ಕ ಎಂದರೆ ಅಂಕಿ. ಕೂಡು, ಕಳೆ, ಗುಣಿಸು, ಭಾಗಿಸು. ಮಗುವಿಗೆ ಅದು ಕಣ್ಣಿಗೆ ಕಾಣುತ್ತದೆ. ಆಮೇಲೆ ಒಂದು ದಿನ ಕಪ್ಪು ಹಲಗೆಯ ಮೇಲೆ ಅಂಕಿಯ ಜಾಗದಲ್ಲಿ 'ಎಕ್ಸ್' ಬಂದು ಕೂರುತ್ತದೆ. ಉರ್ದು ಮಾಧ್ಯಮದ ಮಗು ಅದನ್ನು 'ಮುತಗಯ್ಯಿರ್' ಎಂದು ಬಾಯಿಪಾಠ ಮಾಡುತ್ತದೆ. ಕನ್ನಡ ಮಾಧ್ಯಮಕ್ಕೆ ಬಂದರೆ 'ಚರಾಕ್ಷರ' ಎನ್ನಬೇಕು. ಕಾಲೇಜು ಸೇರಿದರೆ 'ವೇರಿಯಬಲ್'. ಮೂರು ಪದ ಬಂದವು, ಮನಸ್ಸಿನಲ್ಲಿ ಚಿತ್ರ ಒಂದೂ ಇಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದು "ಟೀಚರ್, ನಮಗೆ ಸೈನ್ಸ್ ಬೇಡ" ಎನ್ನುವ ಮಕ್ಕಳನ್ನು ಕೂರಿಸಿ ಮಾತಾಡಿಸಿದರೆ, ಹಲವರ ಹೆದರಿಕೆಯ ಬುಡ ಆ 'ಎಕ್ಸ್' ಬಂದ ದಿನಕ್ಕೇ ಹೋಗಿ ಮುಟ್ಟುತ್ತದೆ.

ಈ ಅಕ್ಷರ ಪರದೇಶದ ಭೂತವಲ್ಲ. ಒಂಬತ್ತನೇ ಶತಮಾನದಲ್ಲಿ ಬಗ್ದಾದಿನಲ್ಲಿದ್ದ ಅಲ್-ಖ್ವಾರಿಝ್ಮಿ ಬೀಜಗಣಿತದ ಗ್ರಂಥ ಬರೆದಾಗ ಎಕ್ಸ್ ವೈಗಳು ಇರಲಿಲ್ಲ. ಗೊತ್ತಿಲ್ಲದ ಸಂಖ್ಯೆಯನ್ನು ಅವರು 'ಶೈ' ಎಂದು ಕರೆದರು. ಉರ್ದು ಬಲ್ಲವರಿಗೆ ಹೇಳಬೇಕಿಲ್ಲ, ಶೈ ಎಂದರೆ ಒಂದು ವಸ್ತು, ಏನೋ ಒಂದು. "ಏನೋ ಒಂದಿದೆ, ಅದಕ್ಕೆ ಸದ್ಯ ಒಂದು ಹೆಸರು ಇಡೋಣ, ಎಷ್ಟು ಎಂಬುದನ್ನು ಆಮೇಲೆ ನೋಡೋಣ." ಇಷ್ಟೇ ಮಾತು. ಅಲ್-ಜಬ್ರ್ ಎಂಬ ಅವರ ಪದದಿಂದಲೇ ಆಲ್ಜೀಬ್ರಾ ಬಂತು. ಅವರ ಹೆಸರೇ ಸವೆದು ಸವೆದು ಕಂಪ್ಯೂಟರಿನವರ ಬಾಯಲ್ಲಿ ಅಲ್ಗಾರಿದಮ್ ಆಯಿತು.

ಈಗ ಚರಾಕ್ಷರವನ್ನು ಕಿವಿಗೆ ಕೇಳಿಸುವ ದಾರಿಗೆ ಬರೋಣ.

ಅಜಾನಿಗೆ ಬಳಸುವ ಆಂಪ್ಲಿಫೈಯರನ್ನು ಎಲ್ಲರೂ ನೋಡಿದ್ದೀರಿ. ಮುಂದೆ ಸಾಲಾಗಿ ಗುಂಡಿಗಳಿರುತ್ತವೆ: ವಾಲ್ಯೂಮ್, ಬಾಸ್, ಟ್ರೆಬಲ್. ದೊಡ್ಡ ದನಿಯ ಮುಅಜ್ಜಿನ್ ಸಾಹೇಬರು ಬಂದರೆ ಒಂದು ಗುಂಡಿ ಇಳಿಸುತ್ತಾರೆ, ಮೆಲುದನಿಯವರು ಬಂದರೆ ಏರಿಸುತ್ತಾರೆ. ಇದಕ್ಕಾಗಿ ಯಾರೂ ಪೆಟ್ಟಿಗೆ ಬಿಚ್ಚುವುದಿಲ್ಲ. ಒಳಗೆ ಏನೇನೋ ತಂತಿ, ಏನೇನೋ ವೋಲ್ಟೇಜು ಇರುತ್ತದೆ. ಬಳಸುವವರಿಗೆ ಅದರ ಗೊಡವೆ ಇಲ್ಲ. ಹೊರಗಿನಿಂದ ಬದಲಿಸಬಹುದೆಂದು ಮಾಡಿದವನು ಬಿಟ್ಟುಕೊಟ್ಟ ಆ ಗುಂಡಿಗಳೇ ಪ್ಯಾರಾಮೀಟರುಗಳು. ಒಳಗಡೆ ಕೆಲಸದ ನಡುವೆ ಏರಿಳಿಯುವ, ಹೆಸರಿಟ್ಟುಕೊಂಡ ಬೆಲೆಗಳು ಚರಾಕ್ಷರಗಳು. ಎರಡೂ ಬದಲಾಗುತ್ತವೆ. ಬೆಲೆ ಯಾರು ಕೊಡುತ್ತಾರೆ, ಯಾವಾಗ ಕೊಡುತ್ತಾರೆ ಎಂಬುದರಲ್ಲಿ ವ್ಯತ್ಯಾಸವಿದೆ. ಈ ಎರಡು ಪ್ರಶ್ನೆ ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ.

ಇನ್ನೂ ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲೇ ಹುಟ್ಟಿದೆ. ಬೆಂಗಳೂರಿನ ಇಂಜಿನಿಯರ್ ಜಿ. ರಾಜ್ ನಾರಾಯಣ್ ಕೊಳಲು ನುಡಿಸುವವರು. ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿ ಮದರಾಸಿನ ಸಂಗೀತಗಾರರ ಮುಂದಿಟ್ಟರು. ಅವರ ರೇಡೆಲ್ ಕಂಪನಿಯ ಪೆಟ್ಟಿಗೆಗಳು ಇಂದು ಸಂಗೀತ ಕಲಿಯುವ ಎಷ್ಟೋ ಮನೆಗಳಲ್ಲಿವೆ. ತಂಬೂರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಮಂದ್ರದ ಪ, ಎರಡು ಸ, ಕೊನೆಗೆ ಮಂದ್ರದ ಸ. ಮರದ ತಂಬೂರಿಯಲ್ಲಿ ಶ್ರುತಿ ಬದಲಿಸಬೇಕಾದರೆ ನಾಲ್ಕೂ ತಂತಿಗಳನ್ನು ಒಂದೊಂದಾಗಿ ತಿರುವಿ, ಕಿವಿಗೊಟ್ಟು ಕೂಡಿಸಬೇಕು. ಪೆಟ್ಟಿಗೆಯಲ್ಲಿ ಶ್ರುತಿಯ ಗುಂಡಿ ಒಂದನ್ನೇ ತಿರುವಿದರೆ ನಾಲ್ಕೂ ಸ್ವರ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ, ಪರಸ್ಪರ ಸಂಬಂಧ ಮಾತ್ರ ಕೆಡುವುದಿಲ್ಲ. ಮೀಟುವ ವೇಗಕ್ಕೆ ಬೇರೆ ಗುಂಡಿ, ದನಿಯ ಗಟ್ಟಿತನಕ್ಕೆ ಬೇರೆ, ಪ ಬೇಕೋ ಮ ಬೇಕೋ ಎನ್ನಲು ಇನ್ನೊಂದು. ಒಂದು ಗುಂಡಿಗೆ ನಾಲ್ಕು ಸ್ವರ ಹೇಗೆ ಮಾತು ಕೇಳುತ್ತವೆ? ಇದನ್ನು ಕಂಪ್ಯೂಟರಿನಲ್ಲಿ ನಾವೇ ಬರೆದು ನೋಡಿದರೆ ಬೀಜಗಣಿತದ ಮೊದಲ ಅಧ್ಯಾಯ ಕಲಿತಂತೆಯೇ.

ಕಂಪ್ಯೂಟರಿಗೆ ಧ್ವನಿ ಎಂದರೂ ಅಂಕಿಯೇ. ಮೊಹರಂ ದಿನಗಳಲ್ಲಿ ಹಲಗೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ನೋಡಿದ್ದೀರಲ್ಲ. ತೊಗಲು ಬಿಗಿಯಾದಷ್ಟೂ ಅದು ಸೆಕೆಂಡಿಗೆ ಹೆಚ್ಚು ಸಲ ನಡುಗುತ್ತದೆ, ದನಿ ಮೇಲೇರುತ್ತದೆ. ಸೆಕೆಂಡಿಗೆ ಎಷ್ಟು ನಡುಕ ಎಂಬ ಲೆಕ್ಕವೇ ಹರ್ಟ್ಝ್. ಆ ನಡುಕದ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟರೆ ಅದು ಸಿಡಿಯ ಧ್ವನಿ. ಅಳೆಯುವ ಬದಲು ಅಂಕಿಗಳನ್ನು ನಾವೇ ಲೆಕ್ಕ ಹಾಕಿ ಸ್ಪೀಕರಿಗೆ ಕಳಿಸಿದರೆ, ಯಾರೂ ನುಡಿಸದ ವಾದ್ಯ ನುಡಿಯುತ್ತದೆ. 1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಮ್ಯಾಕ್ಸ್ ಮ್ಯಾಥ್ಯೂಸ್ ಇದನ್ನು ಮಾಡಿ ತೋರಿಸಿದರು. ಮೊದಲು ಹೊರಬಂದದ್ದು 17 ಸೆಕೆಂಡಿನ ಒಂದು ರಾಗ. ಮ್ಯಾಥ್ಯೂಸ್ ಕೂಡ ಇಂಜಿನಿಯರ್, ಪಿಟೀಲು ನುಡಿಸುತ್ತಿದ್ದವರು. ಅವರ ಪ್ರೋಗ್ರಾಮುಗಳ ವಂಶದಲ್ಲೇ 1986ರಲ್ಲಿ ಎಂಐಟಿ ವಿಶ್ವವಿದ್ಯಾಲಯದ ಬ್ಯಾರಿ ವರ್ಕೋ ಅವರು 'ಸಿಸೌಂಡ್' ಎಂಬ ಭಾಷೆ ಕಟ್ಟಿದರು. ಅದು ಇಂದಿಗೂ ಬಳಕೆಯಲ್ಲಿದೆ, ಪುಕ್ಕಟೆ ಸಿಗುತ್ತದೆ.

ಸಿಸೌಂಡಿನಲ್ಲಿ ಬರಹ ಎರಡು ಭಾಗ. ಒಂದರಲ್ಲಿ ವಾದ್ಯ ಹೇಗೆ ಕೆಲಸ ಮಾಡಬೇಕು ಎಂದು ಬರೆಯುತ್ತೇವೆ. ಇನ್ನೊಂದರಲ್ಲಿ ಆ ವಾದ್ಯ ಯಾವಾಗ, ಏನು ನುಡಿಸಬೇಕು ಎಂಬ ಪಟ್ಟಿ. ಪಟ್ಟಿಯ ಒಂದೊಂದು ಸಾಲೂ ಒಂದೊಂದು ಮೀಟು. ಸಾಲಿನ ಅಂಕಿಗಳಿಗೆ ಸ್ಥಾನದ ಮೇಲೆ ಹೆಸರು: ಪಿ1, ಪಿ2, ಪಿ3, ಹೀಗೆ. ಪಿ1 ಎಂದರೆ ಎಷ್ಟನೇ ವಾದ್ಯ, ಪಿ2 ಎಂದರೆ ಎಷ್ಟನೇ ಸೆಕೆಂಡಿಗೆ ಶುರು, ಪಿ3 ಎಂದರೆ ಎಷ್ಟು ಹೊತ್ತು. ಈ ಮೂರು ಭಾಷೆಯೇ ನಿಗದಿ ಮಾಡಿದ್ದು. ಪಿ4ರಿಂದ ಮುಂದೆ ಅರ್ಥ ಕೊಡುವ ಹಕ್ಕು ಬರೆಯುವವರದು. ಇವು ಪ್ಯಾರಾಮೀಟರುಗಳು, ಪಟ್ಟಿಯಿಂದ ವಾದ್ಯದೊಳಕ್ಕೆ ಹೋಗುವ ಬೆಲೆಗಳು.

ಮೊದಲು ಸುಲಭದ ದಾರಿ. ಸ ಎಂಬುದನ್ನು 240 ಹರ್ಟ್ಝ್ ಎಂದುಕೊಳ್ಳೋಣ. ಮಂದ್ರದ ಪ ಅದರ ಮುಕ್ಕಾಲು, ಅಂದರೆ 180. ಮಂದ್ರದ ಸ ಅದರ ಅರ್ಧ, 120. ಪಟ್ಟಿಯ ನಾಲ್ಕು ಸಾಲುಗಳಲ್ಲಿ ಪಿ4ರ ಜಾಗದಲ್ಲಿ 180, 240, 240, 120 ಎಂದು ಬರೆದರೆ ತಂಬೂರಿ ನುಡಿಯುತ್ತದೆ. ತಪ್ಪೇನಿಲ್ಲ. ಆದರೆ ಅರ್ಧ ಗಂಟೆ ನುಡಿಯಬೇಕಾದರೆ ಇಂಥ ನೂರಾರು ಸಾಲು ಬೇಕು. ದನಿ ಒಡೆದ ಹುಡುಗನೊಬ್ಬ ಬಂದು "ನನಗೆ 140 ಸಾಕು" ಎಂದರೆ ಪ್ರತಿ ಸಾಲನ್ನೂ ತಿದ್ದಬೇಕು. ಒಂದು ಸಾಲು ತಪ್ಪಿಹೋದರೂ ಸಂಗೀತ ಬಾರದವರ ಕಿವಿಗೂ ಅಪಸ್ವರ ಚುಚ್ಚುತ್ತದೆ.

ಎರಡನೇ ದಾರಿ. ಬರಹದ ತಲೆಯಲ್ಲಿ ಒಂದೇ ಒಂದು ಹೆಸರು: 'ಜಿಐಸ', ಅದರ ಬೆಲೆ 240. ಪಟ್ಟಿಯಲ್ಲಿ ಪಿ4ರ ಜಾಗದಲ್ಲಿ ಹರ್ಟ್ಝ್ ಬರೆಯುವುದಿಲ್ಲ, ಪಾಲು ಮಾತ್ರ ಬರೆಯುತ್ತೇವೆ: 0.75, 1, 1, 0.5. ವಾದ್ಯದೊಳಗೆ ಒಂದು ಸಾಲು: 'ಐಸುರ್' ಎಂದರೆ 'ಜಿಐಸ' ಗುಣಿಸು ಪಿ4. ಮುಗಿಯಿತು. ಹುಡುಗ ಬಂದರೆ ತಲೆಯ 240 ಅಳಿಸಿ 140 ಎನ್ನಿ. 105, 140, 140, 70 ತಾವಾಗಿಯೇ ಹೊರಡುತ್ತವೆ. 200 ಎಂದರೆ 150, 200, 200, 100. ಗುಂಡಿ ತಿರುವಿದಂತೆಯೇ ಆಯಿತು. ಸ ಎಷ್ಟೆಂದು ಗೊತ್ತಿಲ್ಲದೆಯೇ ಪ ಅದರ ಮುಕ್ಕಾಲು ಎಂದು ಬರೆದಿಟ್ಟೆವಲ್ಲ, ಕಪ್ಪು ಹಲಗೆಯ ಮೇಲಿನ 'ಎಕ್ಸ್' ಮಾಡುತ್ತಿದ್ದದ್ದೂ ಇದೇ ಕೆಲಸ. ಅಲ್ಲಿ ಅದಕ್ಕೆ ದನಿ ಇರಲಿಲ್ಲ, ಅಷ್ಟೇ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ತಂತಿಯ ದನಿ ನಾಲ್ಕು ಸೆಕೆಂಡು ಉಳಿಯುತ್ತದೆ. ಅದು ಆರುವ ಮೊದಲೇ ಮುಂದಿನ ತಂತಿ ಮೀಟುತ್ತೇವೆ. ಆಗ ಎರಡು ಮೂರು ದನಿ ಒಟ್ಟಿಗೆ ಇರುತ್ತವೆ. ಎಲ್ಲದರೊಳಗೂ 'ಐಸುರ್' ಎಂಬ ಹೆಸರೇ ಇದೆ. ಒಂದರ ಬೆಲೆ ಇನ್ನೊಂದನ್ನು ಅಳಿಸಿಬಿಡುವುದಿಲ್ಲವೇ? ಇಲ್ಲ. ತರಗತಿಯಲ್ಲಿ ಎಲ್ಲ ಮಕ್ಕಳ ಬಳಿಯೂ ಸ್ಲೇಟು ಇರುತ್ತದೆ, ಎಲ್ಲವನ್ನೂ ಸ್ಲೇಟು ಎಂದೇ ಕರೆಯುತ್ತೇವೆ, ಆದರೆ ಒಬ್ಬರು ಬರೆದದ್ದು ಇನ್ನೊಬ್ಬರ ಸ್ಲೇಟಿನಲ್ಲಿ ಮೂಡುವುದಿಲ್ಲ. 'ಐಸುರ್' ಅಂಥದ್ದು. ಕಪ್ಪು ಹಲಗೆ ಮಾತ್ರ ಎಲ್ಲರಿಗೂ ಒಂದೇ. 'ಜಿಐಸ' ಆ ಕಪ್ಪು ಹಲಗೆ. ಹೆಸರಿನ ಮೊದಲಿಗೆ 'ಜಿ' ಇದ್ದರೆ ಅದು ಎಲ್ಲ ವಾದ್ಯಗಳಿಗೂ ಸೇರಿದ್ದು ಎಂದು ಸಿಸೌಂಡ್ ತಿಳಿಯುತ್ತದೆ.

ಹೆಸರಿನ ಮೊದಲ ಅಕ್ಷರದ ಮಾತು ಬಂತು. ಈ ಭಾಷೆಯ ಸ್ವಾರಸ್ಯವೆಲ್ಲ ಇಲ್ಲೇ ಇದೆ. ಸಿಸೌಂಡಿನಲ್ಲಿ ಚರಾಕ್ಷರದ ಹೆಸರು 'ಐ', 'ಕೆ', 'ಎ' ಈ ಮೂರರಲ್ಲಿ ಒಂದರಿಂದ ಶುರುವಾದರೆ, ಅದರ ಬೆಲೆ ಎಷ್ಟು ಸಲ ಬದಲಾಗಬಹುದು ಎಂಬುದು ಆ ಅಕ್ಷರದಿಂದಲೇ ನಿರ್ಧಾರವಾಗುತ್ತದೆ. ಕನ್ನಡದಲ್ಲಿ ಪದದ ಕೊನೆಗೆ ವಿಭಕ್ತಿ ಹಚ್ಚಿ ಅದರ ಕೆಲಸ ಹೇಳುತ್ತೇವೆ: ಶಾಲೆಗೆ, ಶಾಲೆಯಲ್ಲಿ, ಶಾಲೆಯಿಂದ. ಇಲ್ಲಿ ಆ ಗುರುತು ಪದದ ಮುಂದೆ ಬರುತ್ತದೆ. ವ್ಯಾಕರಣ ಮೇಷ್ಟರಿಗೆ ಇದು ಹೊಸದೇನಲ್ಲ.

ಮೂರರ ವ್ಯತ್ಯಾಸಕ್ಕೆ ನಮ್ಮ ಕಾಲುವೆಗಿಂತ ಒಳ್ಳೆಯ ಪಾಠವಿಲ್ಲ. ತುಂಗಭದ್ರಾ ಕಾಲುವೆಗೆ ಈ ಹಂಗಾಮಿನಲ್ಲಿ ಎಷ್ಟು ನೀರು, ಯಾವ ತಾರೀಖಿನಿಂದ ಎಂದು ನೀರಾವರಿ ಸಲಹಾ ಸಮಿತಿ ಹಂಗಾಮಿನ ಮುಂಚೆ ಕುಳಿತು ತೀರ್ಮಾನಿಸುತ್ತದೆ. ಒಮ್ಮೆ ತೀರ್ಮಾನವಾದರೆ ಭತ್ತ ಹಚ್ಚುವವರು ಅದನ್ನೇ ನಂಬಿ ಸಸಿಮಡಿ ಹಾಕುತ್ತಾರೆ. ಇದು 'ಐ'. ಆಮೇಲೆ ಗೇಟು ನೋಡುವವರು ದಿನಕ್ಕೆ ಕೆಲವು ಸಲ ಗೇಟನ್ನು ಒಂದಿಷ್ಟು ಏರಿಸುತ್ತಾರೆ, ಒಂದಿಷ್ಟು ಇಳಿಸುತ್ತಾರೆ. ಇದು 'ಕೆ'. ಇನ್ನು ಕಾಲುವೆಯಲ್ಲಿ ಹರಿಯುವ ನೀರು ಒಂದು ಕ್ಷಣವೂ ನಿಲ್ಲುವುದಿಲ್ಲ, ಈ ಗಳಿಗೆಯ ಅಲೆ ಮುಂದಿನ ಗಳಿಗೆಗೆ ಇಲ್ಲ. ಇದು 'ಎ'.

ಅಂಕಿಯಲ್ಲಿ ಹೇಳುತ್ತೇನೆ, ವಿದ್ಯಾರ್ಥಿಗಳು ಬರೆದುಕೊಳ್ಳಿ. ನಾಲ್ಕು ಸೆಕೆಂಡಿನ ಒಂದು ಮೀಟು. 'ಐ' ಚರಾಕ್ಷರವನ್ನು ಕಂಪ್ಯೂಟರ್ ಒಂದೇ ಸಲ, ಮೀಟು ಶುರುವಾಗುವಾಗ ಲೆಕ್ಕ ಹಾಕುತ್ತದೆ. ಧ್ವನಿಯ ಅಂಕಿಗಳನ್ನು ನೂರು ನೂರರ ಕಟ್ಟಾಗಿ ಮಾಡು ಎಂದು ಹೇಳಿದ್ದರೆ 'ಕೆ' ಚರಾಕ್ಷರ ಸೆಕೆಂಡಿಗೆ 441 ಸಲ, ಒಟ್ಟು 1,764 ಸಲ. 'ಎ' ಚರಾಕ್ಷರದಲ್ಲಿ ಒಟ್ಟು 1,76,400 ಅಂಕಿ. ತಂತಿಯ ಸ್ವರ ಮೀಟುವಾಗಲೇ ಗೊತ್ತು, ಮಧ್ಯದಲ್ಲಿ ಬದಲಾಗಬೇಕಿಲ್ಲ. ಅದಕ್ಕೆ 'ಐಸುರ್'. ದನಿ ಮೆಲ್ಲಗೆ ಆರುತ್ತಾ ಹೋಗಬೇಕು, ಆದರೆ ಆ ಇಳಿತ ನಿಧಾನದ್ದು. ಅದಕ್ಕೆ 'ಕೆಆವಾಜ್' ಸಾಕು. ಸ್ಪೀಕರಿಗೆ ಹೋಗುವ ನಡುಕ 'ಎ' ಆಗಲೇಬೇಕು. ಎಲ್ಲವನ್ನೂ 'ಎ' ಮಾಡಿದರೆ ನಡೆಯದೇ ಎಂದು ಕೇಳಬಹುದು. ಹಲವು ಕಡೆ ನಡೆಯುತ್ತದೆ, ಕಂಪ್ಯೂಟರಿಗೆ ವೃಥಾ ದುಡಿಮೆ. ಗೇಟಿನವರನ್ನು ಕ್ಷಣಕ್ಷಣಕ್ಕೂ ಗೇಟು ತಿರುವುತ್ತಾ ನಿಲ್ಲಿಸಿದಂತೆ.

ತಂತಿ ಮೀಟಿದ ದನಿಗೆ ಸಿಸೌಂಡಿನಲ್ಲಿ 'ಪ್ಲಕ್' ಎಂಬ ಸಿದ್ಧ ತುಣುಕು ಇದೆ. 1983ರಲ್ಲಿ ಕಾರ್ಪ್ಲಸ್ ಮತ್ತು ಸ್ಟ್ರಾಂಗ್ ಎಂಬಿಬ್ಬರು ಪ್ರಕಟಿಸಿದ ಸರಳ ಉಪಾಯದ ಮೇಲೆ ಅದು ನಿಂತಿದೆ. ಅದರ ಕೈಪಿಡಿ ತೆರೆದರೆ ಅದಕ್ಕೆ ಕೊಡಬೇಕಾದ ಬೆಲೆಗಳ ಹೆಸರುಗಳೂ 'ಕೆ' ಅಥವಾ 'ಐ'ಯಿಂದಲೇ ಶುರುವಾಗಿರುವುದು ಕಾಣುತ್ತದೆ. ಅಂದರೆ ಪ್ರತಿ ಪ್ಯಾರಾಮೀಟರೂ ತಾನು ಎಂಥ ಬೆಲೆಯನ್ನು ಒಪ್ಪುತ್ತೇನೆ ಎಂದು ಬಾಗಿಲಲ್ಲೇ ಬರೆದು ಹಾಕಿಕೊಂಡಿದೆ. 'ಕೆ' ಎಂದಿರುವ ಕಡೆ 'ಐ' ಕೊಟ್ಟರೆ ನಡೆಯುತ್ತದೆ, ಹಂಗಾಮಿನ ತೀರ್ಮಾನ ಇವತ್ತಿಗೂ ಅನ್ವಯಿಸುವ ಹಾಗೆ. 'ಐ' ಎಂದಿರುವ ಕಡೆ 'ಕೆ' ಕೊಟ್ಟರೆ ಪ್ರೋಗ್ರಾಮು ನಿಂತು ದೋಷ ತೋರಿಸುತ್ತದೆ. ಇವತ್ತಿನ ಗೇಟನ್ನು ನೋಡಿ ಹೋದ ತಿಂಗಳ ಸಭೆಯ ತೀರ್ಮಾನ ಬರೆಯಲಾಗುವುದಿಲ್ಲ. ಹೊಸಬರು ಇಲ್ಲೇ ಹೆಚ್ಚು ಸಿಕ್ಕಿಬೀಳುತ್ತಾರೆ. ಕಾರಣ ಗೊತ್ತಿದ್ದರೆ ಎರಡು ನಿಮಿಷದ ಕೆಲಸ.

ಇದು ಸಿಸೌಂಡಿನ ರೀತಿ. ಜೇಮ್ಸ್ ಮೆಕಾರ್ಟ್ನಿ 1996ರಲ್ಲಿ ಹೊರತಂದ 'ಸೂಪರ್‌ಕೊಲೈಡರ್' ಎಂಬ ಇನ್ನೊಂದು ಭಾಷೆಯಲ್ಲಿ ಒಳಗಿನದು, ಹೊರಗಿನದು ಎಂಬ ಭೇದ ಇನ್ನೂ ಕಟ್ಟುನಿಟ್ಟು. ಅಲ್ಲಿ ವಾದ್ಯ ಕಟ್ಟುವಾಗ 'ಆರ್ಗ್' ಎಂದು ಘೋಷಿಸಿದ ಹೆಸರನ್ನು ದನಿ ನುಡಿಯುತ್ತಿರುವಾಗಲೂ ಹೊರಗಿನಿಂದ ತಿರುವಬಹುದು. 'ವಾರ್' ಎಂದು ಘೋಷಿಸಿದ್ದನ್ನು ಹೊರಗಿನವರು ಮುಟ್ಟುವಂತಿಲ್ಲ, ಅದು ಕಟ್ಟುವವರ ಸ್ವಂತ ಚೀಟಿ. ಯಾವುದನ್ನು ಗುಂಡಿಯಾಗಿ ಹೊರಗಿಡಬೇಕು, ಯಾವುದನ್ನು ಒಳಗೆ ಮುಚ್ಚಬೇಕು ಎಂದು ಯೋಚಿಸುವುದೇ ಪ್ರೋಗ್ರಾಮು ಬರೆಯುವ ಅರ್ಧ ಕೆಲಸ ಎಂದು ನನ್ನ ಅಭಿಪ್ರಾಯ. ಗುಂಡಿ ಕಡಿಮೆಯಾದರೆ ಪೆಟ್ಟಿಗೆ ಮೊಂಡು, ಹೆಚ್ಚಾದರೆ ಮುಟ್ಟಲು ಭಯ.

ತಾಲೀಮಿನ ವೇದಿಕೆಯಲ್ಲಿ ತಂಬೂರಿ, ಹಲಗೆ ಏಕೆ ಎಂದು ಹಿರಿಯರ ಮನಸ್ಸಿನಲ್ಲಿ ಬಂದಿದ್ದರೆ ಅದು ಸಹಜ. ಎರಡು ಮಾತು ಹೇಳುತ್ತೇನೆ. ಬಗ್ದಾದಿನಲ್ಲಿ ಒಂಬತ್ತನೇ ಶತಮಾನದಲ್ಲಿ ಬನೂ ಮೂಸಾ ಎಂಬ ಮೂವರು ಸಹೋದರ ವಿದ್ವಾಂಸರಿದ್ದರು. ನೀರಿನ ಬಲದಿಂದ ತಾನೇ ನುಡಿಯುವ ಕೊಳಲಿನ ಯಂತ್ರವೊಂದರ ವಿವರವನ್ನು ಅವರು ಬರೆದಿಟ್ಟಿದ್ದಾರೆ. ತಿರುಗುವ ಉರುಳೆಯ ಮೇಲೆ ಮೊಳೆಗಳು, ಮೊಳೆಗಳ ಜಾಗ ಬದಲಿಸಿದರೆ ಸ್ವರ ಬದಲು. ಯಂತ್ರ ಅದೇ, ಕೊಡುವ ಬೆಲೆ ಬೇರೆ. ಇವತ್ತು ನಾನು ಹೇಳಿದ್ದೂ ಅದೇ.

ಎರಡನೆಯದು ಇನ್ನೂ ಹತ್ತಿರದ್ದು. ಧ್ವನಿ ಎಂದರೆ ಸಂಗೀತವೇ ಆಗಬೇಕಿಲ್ಲ, ಓದುವ ದನಿಯೂ ಆಗಬಹುದು. ಕಣ್ಣು ಕಾಣದ ಮಕ್ಕಳಿಗೆ ಪರದೆಯ ಮೇಲಿನದನ್ನು ಓದಿ ಹೇಳುವ 'ಎನ್‌ವಿಡಿಎ' ಎಂಬ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಅವರು 2006ರಲ್ಲಿ ಇದನ್ನು ಶುರು ಮಾಡಿದರು, ಅವರಿಗೂ ಕಣ್ಣು ಕಾಣುವುದಿಲ್ಲ. ಇದೂ ಪುಕ್ಕಟೆ. ಅದರ ಜೊತೆಗೇ ಬರುವ ದನಿಯ ಹೆಸರು 'ಈಸ್ಪೀಕ್ ಎನ್‌ಜಿ'. ಅದು ಕನ್ನಡವನ್ನೂ ಓದುತ್ತದೆ, ಉರ್ದುವನ್ನೂ ಓದುತ್ತದೆ. ದನಿ ಯಂತ್ರದ್ದೇ, ಇಂಪು ಎಂದು ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಗುಂಡಿಗಳಿವೆ. ವೇಗ ಮೊದಲಿಗೆ ನಿಮಿಷಕ್ಕೆ 175 ಪದ. ಸ್ವರದ ಎತ್ತರ 0ಯಿಂದ 99ರವರೆಗೆ, ಮೊದಲಿಗೆ 50. ಹೊಸದಾಗಿ ಕೇಳುವ ಮಗುವಿಗೆ ವೇಗ 100 ಮಾಡಬೇಕು. ಅಭ್ಯಾಸವಾದವರು 300ರ ವೇಗದಲ್ಲೂ ಸಲೀಸಾಗಿ ಕೇಳುತ್ತಾರೆ. ಒಂದು ಮಗುವಿಗೆ ಪಾಠ ಕೇಳುವಂತಾಗುವುದು, ಇನ್ನೊಂದಕ್ಕೆ ಬರೀ ಗದ್ದಲವಾಗುವುದು ಒಂದು ಅಂಕಿಯ ಮೇಲೆ ನಿಂತಿದೆ. ಆ ಅಂಕಿ ಎಲ್ಲಿದೆ, ಹೇಗೆ ಬದಲಿಸಬೇಕು ಎಂದು ಬಲ್ಲ ಅಣ್ಣನೋ ಅಕ್ಕನೋ ಆ ಮನೆಯಲ್ಲಿ ಇರಬೇಕು.

ಮಕ್ಕಳಿಗೆ ಒಂದು ಮಾತು. ಸಿಸೌಂಡಿನ ಆಜ್ಞೆಗಳು ಇಂಗ್ಲಿಷಿನವು, ಎಡದಿಂದ ಬಲಕ್ಕೆ ಬರೆಯಬೇಕು. ಅದಕ್ಕೆ ಹೆದರಬೇಡಿ, ಅವು ಕೆಲವೇ ಪದ. ಚರಾಕ್ಷರದ ಹೆಸರು ಮಾತ್ರ ಪೂರ್ತಿ ನಿಮ್ಮದು. ಮೊದಲ ಅಕ್ಷರದ ನಿಯಮ ಪಾಲಿಸಿ, ಮುಂದೆ ಸುರ್ ಎನ್ನಿ, ಆವಾಜ್ ಎನ್ನಿ, ಶ್ರುತಿ ಎನ್ನಿ, ದನಿ ಎನ್ನಿ. ಅಕ್ಷರ ಇಂಗ್ಲಿಷಿನದಾದರೂ ಪದ ಮನೆಯದಾಗಬಹುದು. ಯಂತ್ರಕ್ಕೆ ಅದರ ಅರ್ಥ ಬೇಕಿಲ್ಲ, ನಾಳೆ ತೆರೆದು ಓದುವ ನಿಮಗೆ ಬೇಕು. ಎಕ್ಸ್, ವೈ ಎಂದು ಬರೆದದ್ದು ಒಂದು ವಾರದ ಮೇಲೆ ನಿಮಗೇ ಅರ್ಥವಾಗುವುದಿಲ್ಲ.

ಸಂಘದವರಲ್ಲಿ ನನ್ನ ಬಿನ್ನಹ ದೊಡ್ಡದಲ್ಲ. ವಾಚನಾಲಯಕ್ಕೆ ಹಳೆಯದಾದರೂ ಸರಿ, ಒಂದೆರಡು ಕಂಪ್ಯೂಟರ್, ಅಕ್ಕಪಕ್ಕದವರಿಗೆ ತೊಂದರೆಯಾಗದಂತೆ ನಾಲ್ಕು ಹೆಡ್‌ಫೋನು. ಸಿಸೌಂಡಿಗೆ ದುಬಾರಿ ಯಂತ್ರ ಬೇಕಿಲ್ಲ, ಬ್ರೌಸರಿನಲ್ಲೇ ನಡೆಯುವ ರೂಪವೂ ಅದಕ್ಕಿದೆ. ವಾರದಲ್ಲಿ ಎರಡು ಗಂಟೆ ಹೆಣ್ಣುಮಕ್ಕಳಿಗೆಂದೇ ಇರಲಿ, ಮಗ್ರಿಬ್‌ಗೆ ಮೊದಲೇ ಮನೆ ಸೇರುವ ಹಾಗೆ. ಗಣಿತದ ಶಿಕ್ಷಕರೊಬ್ಬರು ಜೊತೆಗಿದ್ದರೆ ಭಾಷೆಯ ಭಾಗ ನಾನು ನೋಡಿಕೊಳ್ಳುತ್ತೇನೆ.

ಎಂಟರಿಂದ ಹತ್ತನೇ ತರಗತಿಯವರು ಈಗ ಪೆನ್ನು ತೆಗೆಯಿರಿ. 'ಜಿಐಸ' 210 ಆದರೆ ನಾಲ್ಕು ತಂತಿಗಳ ಹರ್ಟ್ಝ್ ಎಷ್ಟೆಷ್ಟು? ಮೊದಲ ತಂತಿಗೆ ಪ ಬೇಡ, ಮಂದ್ರದ ಮ ಬೇಕು ಎನ್ನುವವರಿದ್ದಾರೆ. ಮಂದ್ರದ ಮ ಎಂದರೆ ಸ ಎಂಬುದರ ಮೂರನೇ ಎರಡು ಪಾಲು. ಹಾಗಾದರೆ ಬದಲಾಗಬೇಕಾದದ್ದು ತಲೆಯಲ್ಲಿರುವ 'ಜಿಐಸ'ವೋ, ವಾದ್ಯದೊಳಗಿನ 'ಐಸುರ್' ಸಾಲೋ, ಪಟ್ಟಿಯಲ್ಲಿರುವ ಪಿ4ಓ? ಆಗ ಆ ತಂತಿ ಎಷ್ಟು ಹರ್ಟ್ಝ್? ಕ್ಯಾಲ್ಕುಲೇಟರ್ ಬೇಡ. ಉತ್ತರವನ್ನು ಉರ್ದುವಿನಲ್ಲಾಗಲಿ ಕನ್ನಡದಲ್ಲಾಗಲಿ, ಏಕೆ ಎಂಬ ಒಂದು ಸಾಲಿನ ಕಾರಣದೊಂದಿಗೆ ಬರೆದು ಹೋಗುವಾಗ ನನ್ನ ಕೈಗೆ ಕೊಡಿ.